ಚಪ್ಪಲಿ ಸ್ಟ್ಯಾಂಡಿನ ಪಾಠ

ನಮ್ಮ ಕಂಪ್ಯೂಟರ್ ಮೇಡಂ ಕತ್ತು ಬಲಕ್ಕೆ ವಾಲಿತೆಂದರೆ ಸಾಕು, ನನ್ನ ಪ್ರೋಗ್ರಾಮು ಕೆಟ್ಟಿದೆ ಎಂದು ಇಡೀ ಲ್ಯಾಬಿಗೆ ಗೊತ್ತಾಗುತ್ತಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಲೂಪಿನೊಳಗೆ ಇನ್ನೊಂದು ಲೂಪು ಬರೆದಾಗಲೆಲ್ಲ ಸಾಲು ಒಂದಿಷ್ಟು ಬಲಕ್ಕೆ ಸರಿಯಬೇಕು. ನಾನು ಒಂದರೊಳಗೊಂದು ನಾಲ್ಕು ತುರುಕಿದ್ದೆ. ಸಾಲು ಸರಿದತ್ತ ಅವರ ಕತ್ತೂ, ನರೆತ ಜಡೆಯೂ ವಾಲುತ್ತಿದ್ದವು.

"ಅರಸೀಕೆರೇಲಿ ಶುರುವಾದದ್ದು ಬಾಣಾವರ ದಾಟಿ ಕಡೂರಿಗೆ ಹೋಯ್ತಲ್ಲೋ! ವಾಪಸ್ ಬರೋ ದಾರಿ ಗೊತ್ತಾ ನಿಂಗೆ?"

"ಗೊತ್ತಿಲ್ಲ ಮೇಡಂ."

"ಸದ್ಯ, ಅದಾದ್ರೂ ಗೊತ್ತಲ್ಲ."

ಯಾವ ಊರಿನ ವಿದ್ಯಾರ್ಥಿ ಯಾವ ಬಸ್ಸಿಗೆ ಎಂದು ಹೇಳುವುದಷ್ಟೇ ಆ ಪ್ರೋಗ್ರಾಮಿನ ಕೆಲಸ. ಅದೋ, ಗೆಂಡೆಹಳ್ಳಿ ಹುಡುಗಿಯನ್ನು ಹಳೇಬೀಡಿನ ಬಸ್ಸಿಗೂ ಹತ್ತಿಸುತ್ತಿತ್ತು, ಮಾದಿಹಳ್ಳಿ ಬಸ್ಸಿಗೂ ಹತ್ತಿಸುತ್ತಿತ್ತು. ಯಾವ ಸಾಲು ಯಾವ ಲೂಪಿನ ಹೊಟ್ಟೆಯೊಳಗಿದೆ ಎಂದು ಬರೆದ ನನಗೇ ತಿಳಿಯದು. ಆಗಲೇ ಎರಡು ಸಲ ಫೇಲಾಗಿದ್ದೆ. ಇದೇ ಪ್ರೋಗ್ರಾಮು ಬರೆದು ತೋರಿಸಬೇಕಿದ್ದ ಸೋಮವಾರದ ಪರೀಕ್ಷೆಯಲ್ಲೂ ಹೀಗೇ ಆದರೆ ಡಿಪ್ಲೊಮಾ ಕೈತಪ್ಪಿದಂತೆಯೇ.

"ಭಾನುವಾರ ಹಳೇಬೀಡಿಗೆ ಬಾ" ಎಂದರು ಮೇಡಂ. ಅವರ ಮನೆ ಅಲ್ಲೇ. ಪಾಠ ಹೇಳಿಕೊಡುತ್ತಾರೆಂದು ಹೋದರೆ, ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಎದುರು ನಿಲ್ಲಿಸಿದರು. ನಮ್ಮಜ್ಜಿ ಹೇಳುವಂತೆ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಿಂತೆ. ನಾಳೆ ಪರೀಕ್ಷೆ, ಇಲ್ಲಿ ನೋಡಿದರೆ ಚಪ್ಪಲಿ!

"ಆ ಯಜಮಾನ್ರನ್ನ ನೋಡು. ಟೋಕನ್ ತಗೊಳ್ದೆ ರಾಶೀಲಿ ಬಿಟ್ಟು ಹೋದ್ರು. ಈಗ ಬಿಸಿಲಲ್ಲಿ ಕುಣೀತಾ ಒಂದೊಂದೇ ಜೊತೆ ಹುಡುಕ್ತಾವ್ರೆ. ಈಚೆ ಬರೋರೆಲ್ಲ ಮತ್ತೆ ಮೊದಲಿಂದ ರಾಶಿಯೆಲ್ಲ ಹುಡುಕ್ಬೇಕು. ನಿನ್ ಲೂಪೊಳಗಿನ ಲೂಪು ಅದೇ ಕಣೋ."

"ಟೋಕನ್ ಇದ್ರೆ ಮೇಡಂ?"

"ಸ್ಟ್ಯಾಂಡಿನೋನು ಹುಡುಕ್ತಾನಾ? ನಂಬರ್ ನೋಡಿ ಸೀದಾ ಕೈ ಹಾಕ್ತಾನೆ. ಯಾವ ಊರಿಗೆ ಯಾವ ಬಸ್ಸು ಅಂತ ಮೊದ್ಲೇ ಒಂದು ಡಿಕ್ಷನರೀಲಿ ಟೋಕನ್ ಥರ ಜೋಡಿಸಿಡು. ಆಮೇಲೆ ಹುಡುಗ್ರಿಗೆ ಒಂದೇ ಲೂಪು. ಹೋಗು, ನಂಗೆ ಅಡುಗೆ ಐತೆ."

ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಸೋಮವಾರ ಹಾಗೇ ಬರೆದೆ. ಒಬ್ಬೊಬ್ಬರೂ ಒಂದೊಂದೇ ಬಸ್ಸು ಹತ್ತಿದರು. ಪರೀಕ್ಷಕರು ಪರದೆಯನ್ನು ಮೇಲೆ ಕೆಳಗೆ ನೋಡಿ, "ಇಷ್ಟೇ ಏನ್ರೀ?" ಎಂದರು.

"ಇಷ್ಟೇ ಸಾರ್" ಎಂದೆ. ಮೇಡಂ ಬಾಗಿಲಲ್ಲಿ ನಿಂತು ಜಡೆ ಹಿಂದಕ್ಕೆ ಎಸೆದುಕೊಂಡರು. ಪಾಸಾದದ್ದು ನಾನೋ, ಚಪ್ಪಲಿ ಸ್ಟ್ಯಾಂಡೋ ಎಂಬ ಗೊಂದಲ ನನಗಿನ್ನೂ ಹೋಗಿಲ್ಲ. ಆದರೆ ಇವತ್ತು ಅನ್ನ ಹಾಕುತ್ತಿರುವುದು ಅದೇ ಡಿಪ್ಲೊಮಾ.

ಹೋದ ತಿಂಗಳು ಮೇಡಂ ತೀರಿಕೊಂಡರು. ಎಲ್ಲ ವರ್ಷಗಳ ಶಿಷ್ಯರೂ ಹಳೇಬೀಡಿನ ಆ ಪುಟ್ಟ ಮನೆಗೆ ಬಂದಿದ್ದರು. ದರ್ಶನ ಮಾಡಿ ಈಚೆ ಬಂದರೆ ನನ್ನ ಚಪ್ಪಲಿ ಇಲ್ಲ. ಜಗುಲಿಯ ಕೆಳಗೆ ಅಷ್ಟೆತ್ತರದ ರಾಶಿ, ಎಲ್ಲವೂ ಕಪ್ಪು. ಒಬ್ಬ ಯಾರದೋ ಮೆಟ್ಟಿ ನೋಡಿ ಬಿಡುತ್ತಿದ್ದ, ಇನ್ನೊಬ್ಬಳು ಅದನ್ನೇ ಮತ್ತೆ ತಿರುವಿ ಹಾಕುತ್ತಿದ್ದಳು. ಅವರ ಕೈಯಲ್ಲೇ ಕಲಿತವರು ನಾವೆಲ್ಲ, ರಾಶಿಯ ಸುತ್ತ ಬಗ್ಗಿ ಒಂದೊಂದೇ ಜೊತೆ ಹುಡುಕುತ್ತಿದ್ದೆವು. ಬೈಯಬೇಕಾದವರು ಒಳಗೆ ಮಲಗಿದ್ದರು, ಕತ್ತು ನೆಟ್ಟಗೆ.