ಹೊಳೆದಂಡೆಯ ಡೇರೆ

೧೯೬೦ರ ಆಸುಪಾಸಿನ ಮಾತು. ದಾವಣಗೆರೆಯ ಎಗ್ಜಿಬಿಷನ್ನಿಗೆ ದೊಡ್ಡ ತಿರುಗುತೊಟ್ಟಿಲು ಬಂದಿತ್ತು. ಮಕ್ಕಳಿಗೆ ಅದನ್ನು ತೋರಿಸಬೇಕು, ಲಾಡ್ಜಿಗೆ ದುಡ್ಡು ಸುರಿಯಬಾರದು ಎಂದು ನಾನು ಪಕ್ಕದ ಹರಿಹರದ ಹೊಳೆದಂಡೆಯಲ್ಲಿ ಡೇರೆ ಹಾಕಿದೆ. ಬೆಳಿಗ್ಗೆ ಹೆಂಡತಿ ಮರಳಿನ ಮೇಲೆ ಮೂರು ಕಲ್ಲಿಟ್ಟು ಅನ್ನ ಮಾಡುತ್ತಿದ್ದಳು. ಪುರೋಹಿತರೊಬ್ಬರು ಬಂದು ನಿಂತರು.

"ಹೋದೋರು ಯಾರ್ರಿ? ತಂದೇರಾ?"

ಆ ದಂಡೆಯಲ್ಲಿ ಹಾಗೆ ಅನ್ನ ಬೇಯಿಸುವುದು ಪಿಂಡಕ್ಕೆ ಎಂದು ನನಗೆ ಆಗ ತಿಳಿಯಿತು.

"ಯಾರೂ ಹೋಗಿಲ್ಲ. ಎಗ್ಜಿಬಿಷನ್ ನೋಡಲು ಬಂದಿದ್ದೇವೆ," ಎಂದೆ.

"ಸೂತಕದಾಗ ಎಗ್ಜಿಬಿಷನ್ನಾ? ನಾಚಿಕೆ ಆಗಂಗಿಲ್ಲೇನ್ರಿ? ಎಳ್ಳು ನನ್ನ ಹತ್ರ ಐತೆ, ಮೊದ್ಲು ಸ್ನಾನ ಮಾಡ್ರಿ."

ನನ್ನ ಮೈ ಉರಿಯಿತು. "ನಡೀರಿ ಇಲ್ಲಿಂದ!" ಎಂದು ಕಿರುಚಿದೆ. ಗದ್ದಲಕ್ಕೆ ಅಪ್ಪ ಕಣ್ಣುಜ್ಜುತ್ತಾ ಡೇರೆಯಿಂದ ಹೊರಬಂದರು.

"ನೋಡ್ರಿ, ಇವರೇ ನಮ್ಮ ತಂದೆ!"

ಪುರೋಹಿತರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ತಾಯೇರು," ಎಂದರು.

ಊರಲ್ಲಿ ಮನೆ ಕಾಯುತ್ತಿದ್ದ ಅವ್ವನನ್ನೂ ಆ ಮನುಷ್ಯ ಉಳಿಸಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಲೆಗೆ ನೀರು ಸುರಿದಳು.

"ಡೇರೆ ಕೀಳ್ರಿ. ಇನ್ನ ಉಳಿದೋಳು ನಾನೊಬ್ಬಳೇ."

ಅರೆಬೆಂದ ಆ ಅನ್ನವನ್ನು ಮನೆಯವರು ಯಾರೂ ಮುಟ್ಟಲಿಲ್ಲ. ಲಾಡ್ಜಿಗೂ ದುಡ್ಡು ಕೊಟ್ಟೆ, ಹೋಟೆಲಿಗೂ ಕೊಟ್ಟೆ. ಆ ಪ್ರವಾಸದಲ್ಲಿ ನನಗೆ ಪುಕ್ಕಟೆ ಸಿಕ್ಕಿದ್ದು ಸಿಟ್ಟೊಂದೇ, ಅದಿನ್ನೂ ಖರ್ಚಾಗಿಲ್ಲ.