ಇಂದಿರಾ ಅಕ್ಕೋರು ಕೊಟ್ಟ ಖೋ

ನವನಗರದ ನಮ್ಮ ಮನೆಯ ಹಿಂದೆ ಹೆಣ್ಣುಮಕ್ಕಳ ಶಾಲೆಯೊಂದಿದೆ. ಸಂಜೆಯಾದರೆ ಅಲ್ಲಿಯ ಮೈದಾನದಿಂದ "ಖೋ!" ಎಂಬ ಕೂಗು ಕಂಪೌಂಡು ಹಾರಿ ಬರುತ್ತದೆ. ಒಲೆಯ ಮೇಲೆ ಚಹಾ ಉಕ್ಕುತ್ತಿದ್ದರೂ ನನ್ನ ನೋಯುವ ಕಾಲುಗಳು ಒಂದು ಗಳಿಗೆ ಓಡಲು ಹವಣಿಸುತ್ತವೆ. ಆ ಕೂಗಿನ ಬೆನ್ನಿಗೇ ಹಳೆಯ ಬಾಗಲಕೋಟೆಯ ನಮ್ಮ ಮನೆ ಎದ್ದು ನಿಲ್ಲುತ್ತದೆ. ಸೆಗಣಿ ಸಾರಿಸಿದ ಪಡಸಾಲೆ, ಹಿತ್ತಲಿನ ಬೇವಿನ ಗಿಡ, ಹಗಲೆಲ್ಲ ಕಾದು ಸಂಜೆ ತಣ್ಣಗಾಗುತ್ತಿದ್ದ ಮಣ್ಣಿನ ಮಾಳಿಗೆ, ಮತ್ತು ಆ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಇಂದಿರಾ ಅಕ್ಕೋರು. ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಇವರು ಇಳಕಲ್ಲಿನ ನೇಕಾರರ ಮನೆಯ ಮಗಳು. ಎಪ್ಪತ್ತರ ದಶಕದಲ್ಲಿ ನಮ್ಮ ಶಾಲೆಗೆ ಆಟ ಕಲಿಸಲು ಬಂದವರು. ಇಳಕಲ್ ಸೀರೆಗೆ ಕಚ್ಚೆ ಹಾಕಿ, ಕೆಂಪು ಸೆರಗನ್ನು ಸೊಂಟಕ್ಕೆ ಬಿಗಿದು ಮೈದಾನಕ್ಕಿಳಿದರೆ, ನಮ್ಮಲ್ಲಿ ಒಬ್ಬಳಿಗೂ ಅವರನ್ನು ಮುಟ್ಟಲು ಆಗುತ್ತಿರಲಿಲ್ಲ. ಸಿಕ್ಕದೆ ಓಡಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು. ಆ ನಗು ಇಡೀ ಓಣಿಗೆ ಕೇಳುತ್ತಿತ್ತು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವರು ನನ್ನನ್ನು ಖೋ ಖೋ ತಂಡದ ಕ್ಯಾಪ್ಟನ್ ಮಾಡಿದರು. ಬಾದಾಮಿಯಲ್ಲಿ ಪಂದ್ಯವೆಂದು ಗೊತ್ತಾದಾಗ ಮನೆಯಲ್ಲಿ ಅಡ್ಡ ಬಂದವಳು ನನ್ನ ಅಜ್ಜಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. "ಹೆಣ್ಣಹುಡುಗಿ ಪರಊರಾಗ ಮಂದಿ ಮುಂದ ಓಡ್ಯಾಡೂದು ಬ್ಯಾಡ್ರಿ ಅಕ್ಕೋರ. ನಾಳೆ ಈಕಿನ್ನ ಯಾರ ಮಾಡ್ಕೊಂತಾರ?" ಎಂದಳು. ನಾನು ಕಂಬದ ಮರೆಯಲ್ಲಿ ನಿಂತು ಬಿಕ್ಕುತ್ತಿದ್ದೆ. ಅಕ್ಕೋರು ವಾದಕ್ಕಿಳಿಯಲಿಲ್ಲ. ಆಯಿಯ ಎದುರು ನೆಲದ ಮೇಲೆ ಕೂತು, "ನೀವು ಹೇಳೂದು ಖರೆ ಐತ್ರಿ ಆಯಿ. ಇಷ್ಟ ಹುಡುಗ್ಯಾರನ್ನ ಕರ್ಕೊಂಡು ಒಬ್ಬಾಕಿನ ಹೋಗಾಕ ನನಗೂ ಅಂಜಿಕಿ. ದೊಡ್ಡವರು ಒಬ್ರು ಜೋಡಿ ಇದ್ರ ಭಾಳ ಚಲೋ. ನೀವ ಬರ್ರೆಲಾ?" ಎಂದರು. ಆಯಿ ಎಲೆಯಡಿಕೆ ಮಡಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಕೇಳಿದ್ದು ಒಂದೇ ಮಾತು: "ರೊಟ್ಟಿ ಎಷ್ಟ ಮಂದಿಗೆ ಬಡೀಬೇಕು?"

ಹೀಗೆ ನಾವು ಆಯಿಯ ಯಜಮಾನಿಕೆಯಲ್ಲಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಬುತ್ತಿಗಂಟುಗಳ ಸಮೇತ ಬಾದಾಮಿಗೆ ಬಸ್ಸಿನಲ್ಲಿ ಹೋದೆವು. ಕೆಂಪು ಗುಡ್ಡದ ಮಂಗಗಳು ಒಂದು ಗಂಟನ್ನು ಹೊತ್ತೊಯ್ದವು. ಆಯಿ ಅವಕ್ಕೆ ಹಾಕಿದ ಬೈಗುಳ ಕೇಳಿ ಎದುರಾಳಿ ಹುಡುಗಿಯರೂ ನಕ್ಕರು. ಆದರೆ ಆಟ ಶುರುವಾದ ಮೇಲೆ ನಮ್ಮ ನಗು ಉಡುಗಿತು. ಬಡಿಗೇರರ ಸರಸಿ, ಎಂದೂ ದನಿಯೆತ್ತದ ಹುಡುಗಿ, ಗಾಬರಿಗೆ ಖೋ ಕೊಡುವ ಮೊದಲೇ ಎದ್ದೆದ್ದು ಓಡಿ ಮತ್ತೆ ಮತ್ತೆ ಫೌಲ್ ಮಾಡಿದಳು. ನಡುವಿನ ಬಿಡುವಿನಲ್ಲಿ ಉಳಿದವರೆಲ್ಲ, "ಆಕಿನ್ನ ಹೊರಗ ಕುಂದರಸ್ರಿ ಅಕ್ಕೋರ" ಎಂದು ಮುಗಿಬಿದ್ದರು. ಸರಸಿ ತಲೆ ತಗ್ಗಿಸಿ ಜಡೆಯ ರಿಬ್ಬನ್ನು ಎಳೆಯುತ್ತಿದ್ದಳು. ಅಕ್ಕೋರು ನನ್ನ ಕಡೆ ತಿರುಗಿ, "ಕ್ಯಾಪ್ಟನ್ ನೀ ಅಲಾ? ನೀ ಏನಂತಿ?" ಎಂದರು.

ನನಗೆ ಗೆಲ್ಲುವ ಆಸೆ ಬೆಟ್ಟದಷ್ಟಿತ್ತು. ಆದರೂ ಸರಸಿಯ ಕೈಗಳನ್ನು ನೋಡುತ್ತ ಬಾಯಿಂದ ಬಂದದ್ದು ಬೇರೆ ಮಾತು: "ಆಕಿ ಇರ್ಲಿರಿ. ನಾ ಆಕಿ ಬಾಜೂಕ ಕುಂದರ್ತೇನಿ." ಅಕ್ಕೋರು ಭೇಷ್ ಅನ್ನಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಹಂಗಾರ ಆಕಿಗೆ ಕೇಳೂಹಂಗ ಖೋ ಕೊಡು. ಕೊಟ್ಟ ಮ್ಯಾಲ ಆಕಿ ಜಾಗಾದಾಗ ಕೂಡು. ಓಡೂದು ಆಕಿಗೆ ಬಿಡು, ನಡುವ ಕೂಗ್ಯಾಡಬ್ಯಾಡ" ಎಂದರು.

ನಾನು ಬೆನ್ನಟ್ಟುತ್ತಿದ್ದ ಬಾದಾಮಿಯ ಚುರುಕಿನ ಓಟಗಾರ್ತಿ ನನ್ನ ಮುಂದೆಯೇ ಹೊರಳಿದಾಗ ನಾನು ಸರಸಿಯ ಬೆನ್ನು ಮುಟ್ಟಿ ಗಂಟಲು ಹರಿಯುವಂತೆ ಖೋ ಎಂದು ಅವಳ ಜಾಗದಲ್ಲಿ ಕೂತೆ. ಹುಲ್ಲಿನಿಂದ ಎದ್ದ ಕೌಜುಗದಂತೆ ಹಾರಿದ ಸರಸಿ ಕಂಬದ ಹತ್ತಿರ ಅವಳನ್ನು ಹಿಡಿದೇಬಿಟ್ಟಳು. "ಹಿಡದ್ಲಲ್ಲೋ ನಮ್ಮವ್ವ!" ಎನ್ನುತ್ತ ಆಯಿ ಸೀದಾ ಅಂಕಣದೊಳಗೆ ನುಗ್ಗಿದಳು. ಅವಳನ್ನು ಹೊರಗೆ ಕರೆದೊಯ್ಯಲು ಪಂಚರು ಕೈಮುಗಿಯಬೇಕಾಯಿತು. ಆಟವನ್ನೇನೋ ನಾವು ಸೋತೆವು. ಮರಳುವಾಗ ನಮ್ಮ ಹಾಡು, ಗದ್ದಲ ನೋಡಿ ಕಂಡಕ್ಟರ್, "ಏನ್ರವ್ವಾ, ಗೆದ್ದ ಬಂದ್ರೇನು?" ಎಂದು ಕೇಳಿದ. ಆಯಿ ರೆಪ್ಪೆ ಅಲುಗಿಸದೆ, "ಹೂನಪಾ, ಗೆದ್ದವಿ" ಎಂದಳು. ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮ್ಯಾಟ್ರಿಕ್ ಮುಗಿದಾಗ ವರ ಹುಡುಕುವ ಮಾತು ಎದ್ದಿತು. ಆಗ ಆಯಿಯೇ ಮಾಳಿಗೆ ಹತ್ತಿ ಅಕ್ಕೋರ ಸಲಹೆ ಕೇಳಿದಳು. "ಹುಬ್ಬಳ್ಳಿಗೆ ನರ್ಸ್ ಕಲಿಯಾಕ ಕಳಸ್ರಿ. ಅಂಜಿದವರ ಬಾಜೂಕ ಕುಂದ್ರೂದು ಈಕಿಗೆ ಬರ್ತೈತಿ" ಎಂದರಂತೆ ಅವರು. ಹಾಗೆ ಹೋದವಳು ಮುಂದೆ ಬಾಗಲಕೋಟೆಯಲ್ಲೇ ಒಂದು ವಾರ್ಡಿನ ಹೊಣೆ ಹೊತ್ತೆ. ಹೊಸ ಹುಡುಗಿಯರು ಸೂಜಿ ಚುಚ್ಚಲು ಅಂಜಿದರೆ ಸಿರಿಂಜು ಕಸಿದುಕೊಳ್ಳದೆ, ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಹಾಗೆ ನಿಲ್ಲುವುದು ಅಕ್ಕೋರಿಂದ ಬಂದದ್ದು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನಮ್ಮ ಓಣಿಯನ್ನು ನುಂಗಿ ನಾವು ನವನಗರಕ್ಕೆ ಬರುವ ಹೊತ್ತಿಗೆ ಆಯಿ ಇರಲಿಲ್ಲ. ಅಕ್ಕೋರು ನಿವೃತ್ತರಾಗಿ ಇಳಕಲ್ಲಿಗೆ ಮರಳಿದ್ದರು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನ ವಾರ್ಡಿನ ಹುಡುಗಿಯರ ಹೆಸರನ್ನೆಲ್ಲ ಕೇಳಿ, "ಅವರಾಗ ಭಾಳ ಅಂಜೂಬುರಕಿ ಯಾರು?" ಎಂದರು. "ರೇಣುಕಾ ರೀ" ಎಂದೆ. "ಆಕಿನ್ನ ಬಿಡಬ್ಯಾಡ" ಎಂದು ನನ್ನ ಕೈ ಒತ್ತಿದರು.

ಅವರು ಹೋದ ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ವಾರ್ಡು ತುಂಬಿತ್ತು. ಕೀಲಿಗೊಂಚಲನ್ನು ರೇಣುಕಾಳ ಕೈಗಿಟ್ಟೆ. "ನಾ ಒಬ್ಬಾಕಿನರೀ ಸಿಸ್ಟರ್?" ಎಂದಳು. "ಒಬ್ಬಾಕಿನ. ನಿನಗಾಗ್ತೈತಿ" ಎಂದು ಇಳಕಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಮ್ಮೆಯೂ ವಾರ್ಡಿನ ಚಿಂತೆ ಬರಲಿಲ್ಲ. ಅಕ್ಕೋರ ಓಣಿಯಲ್ಲಿ ಎಲ್ಲ ಮನೆಗಳ ಮಗ್ಗಗಳೂ ನಿಂತಿದ್ದವು. ಮಗ್ಗದ ಸದ್ದಿಲ್ಲದ ಆ ಓಣಿಯನ್ನು ನಾನು ಕಂಡದ್ದು ಅದೊಂದೇ ದಿನ.