ಲಿಪ್ಪೆಯ ನಾಣ್ಯ

ಹರ್ಮನ್ ಸಾಹೇಬರು ವರ್ಷಗಟ್ಟಲೆ ಹುಡುಕಿದ ಬೆಳ್ಳಿ ನಾಣ್ಯವನ್ನು ನಾನು ಬಚ್ಚಿಟ್ಟುಕೊಂಡೆ. ಅವರಿಗೆ ತಲುಪಿಸೆಂದು ನನ್ನ ಕೈಗೆ ಕೊಟ್ಟಿದ್ದ ನಾಣ್ಯವದು.

ಜರ್ಮನಿಯ ಸಾಹೇಬರು ದಾಂಡೇಲಿಯಲ್ಲಿ ಮರ ಕೊಯ್ಯುವ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಹಳಿಯಾಳದಲ್ಲಿ ಶಾಲಾ ಮಾಸ್ತರ. ಹಳೆಯ ನಾಣ್ಯಗಳ ಹುಚ್ಚು ನಮ್ಮಿಬ್ಬರನ್ನು ಕೂಡಿಸಿತ್ತು. ಭಾನುವಾರ ಹೋದರೆ ಸಾಗವಾನಿ ಪೆಟ್ಟಿಗೆ ತೆರೆದು ಬವೇರಿಯಾ, ಸ್ಯಾಕ್ಸನಿ, ಹ್ಯಾನೋವರ್ — ಒಂದೊಂದು ಸಂಸ್ಥಾನದ ಬೆಳ್ಳಿಯನ್ನೂ ನನ್ನ ಅಂಗೈಯಲ್ಲಿಡುತ್ತಿದ್ದರು. ನಮ್ಮ ಸವಣೂರು, ಸೊಂಡೂರಿನಂತೆ ಅಲ್ಲೂ ಪುಟ್ಟ ಪುಟ್ಟ ರಾಜರಿದ್ದರಂತೆ.

ಪೆಟ್ಟಿಗೆಯಲ್ಲಿ ಒಂದು ಕುಳಿ ಮಾತ್ರ ಖಾಲಿ. “ಲಿಪ್ಪೆ ನಮ್ಮವ್ವನ ಸೀಮಿ, ಮಾಸ್ತರ. ಅಲ್ಲಿದೊಂದ ಸಿಗವಲ್ದು ನೋಡ್ರಿ,” ಎನ್ನುತ್ತಿದ್ದರು, ಕಾರ್ಖಾನೆಯವರಿಂದ ಕಲಿತ ಕನ್ನಡದಲ್ಲಿ.

ಅದು ಸಿಕ್ಕಿತು — ಹಳಿಯಾಳದಲ್ಲೇ. ಹಡಗಿನಲ್ಲಿ ದುಡಿದ ಗಂಡ ತಂದದ್ದೆಂದು ಜೋಯಿಡಾ ಕಡೆಯ ಹೆಂಗಸೊಬ್ಬಳು ಅದನ್ನು ಚಿನ್ನಬೆಳ್ಳಿ ಕೆಲಸದ ಪತ್ತಾರ ಕಾಳಪ್ಪನಿಗೆ ಮಾರಿದ್ದಳು. ಕಾಳಪ್ಪ ನನ್ನನ್ನು ಕರೆದು ಕೊಟ್ಟ. “ಸಾಹೇಬರ ದೇಶದ್ದ ಇದ್ದಂಗ ಐತ್ರಿ. ಕರಗಸಾಕ ಮನಸ್ಸ ಬರಲಿಲ್ಲ. ಅವರಿಗೆ ಮುಟ್ಟಸ್ರಿ.”

ಅಂಚಿನ ಅಕ್ಷರ ಓದಿದೆ. ಲಿಪ್ಪೆ. ಬರುವ ಭಾನುವಾರ ಕೊಡೋಣ ಎಂದುಕೊಂಡೆ — ಕೊಡಲಿಲ್ಲ. ಅವರಲ್ಲಿಲ್ಲದ್ದು ನನ್ನಲ್ಲಿ ಒಂದಾದರೂ ಇದೆಯಲ್ಲ ಎಂಬ ಸುಖ... ಅದನ್ನು ಹೇಗೆ ಹೇಳಲಿ? ಎರಡು ವರ್ಷ ಅವರ ಮನೆಯ ಚಹಾ ಕುಡಿದೆ. ಖಾಲಿ ಕುಳಿ ನೋಡಿ ಲೊಚಗುಟ್ಟಿದೆ.

ಇಂಗ್ಲಿಷರಿಗೂ ಜರ್ಮನಿಗೂ ಯುದ್ಧ ಶುರುವಾಯಿತು. ಜರ್ಮನರನ್ನು ಹಿಡಿದೊಯ್ಯುತ್ತಾರೆಂದು ಕೇಳಿ, ನಾಣ್ಯವನ್ನು ಕೋಟಿನ ಜೇಬಿಗೆ ಹಾಕಿಕೊಂಡು ದಾಂಡೇಲಿಗೆ ಓಡಿದೆ. ಪೊಲೀಸರು ಆಗಲೇ ಬಾಗಿಲಲ್ಲಿದ್ದರು. ಸಾಹೇಬರು ಆ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

“ಇವೆಲ್ಲಾ ಇನ್ನ ನಿಮ್ಮವು, ಮಾಸ್ತರ. ಲಿಪ್ಪೆದು ಸಿಕ್ಕರ ಒಂದ ಕಾಗದ ಬರೀರಿ. ಸಿಕ್ಕೇತಿ ಅಂತ ತಿಳದರ ಸಾಕು.”

ಜೇಬಿನೊಳಗೆ ಬೆರಳು ನಾಣ್ಯವನ್ನು ಮುಟ್ಟಿತು. ತೆಗೆದರೆ — ಎಂದಿನಿಂದ ಇತ್ತೆಂದು ಕೇಳುತ್ತಾರಲ್ಲ...

“ಆಗಲಿ, ಸಾಹೇಬರ,” ಎಂದೆ. ಪೊಲೀಸರ ಲಾರಿ ಅವರನ್ನು ಹತ್ತಿಸಿಕೊಂಡು ಹೊರಟಿತು.

ಈಗಷ್ಟೇ ಸಿಕ್ಕಿತೆಂದು ಸುಳ್ಳಾದರೂ ಬರೆಯಬಹುದಿತ್ತು. ನಾಳೆ, ನಾಡಿದ್ದು ಎನ್ನುತ್ತ ಅದನ್ನೂ ಬರೆಯಲಿಲ್ಲ. ಮೂರನೆಯ ವರ್ಷ ಸೆರೆಶಿಬಿರದಿಂದ ಅವರ ಗೆಳೆಯರೊಬ್ಬರ ಕಾಗದ ಬಂತು. ಸಾಹೇಬರು ಜ್ವರದಿಂದ ತೀರಿಕೊಂಡಿದ್ದರು. ಟಪಾಲು ಬಂದಾಗಲೆಲ್ಲ, ಹಳಿಯಾಳದಿಂದ ಏನಾದರೂ ಇದೆಯೇ ಎಂದು ಕೇಳುತ್ತಿದ್ದರಂತೆ.

ಇನ್ನೊಂದನ್ನೂ ಹೇಳಬೇಕು. ನಾಣ್ಯ ಕೊಟ್ಟ ಮರುವಾರವೇ ಕಾಳಪ್ಪ ಕೇಳಿದ್ದ, “ಸಾಹೇಬರಿಗೆ ಖುಷಿ ಆತೇನ್ರಿ?”

“ಕಣ್ಣಾಗ ನೀರ ತಂದ್ರಪಾ,” ಎಂದಿದ್ದೆ.

ಮುದುಕನಾದ ಕಾಳಪ್ಪ ಅಂಗಡಿಗೆ ಬಂದವರಿಗೆಲ್ಲ ಇಂದಿಗೂ ಅದನ್ನು ಹೆಮ್ಮೆಯಿಂದ ಹೇಳುತ್ತಾನೆ. ಇದನ್ನು ಬರೆದು ಮುಗಿಸಿ ಅವನಲ್ಲಿಗೆ ಹೊರಟಿದ್ದೇನೆ. ನನ್ನ ಬಾಯಿಂದಲೇ ಕೇಳಲಿ.